ಅಜ್ಜಂಪುರದ ಎರಡನೇ ಮನೆ

ನಮ್ಮ ಮನೆ ಬೀಗದ ಕೈ ದಿನಕ್ಕೊಂದು ಸಲವಾದರೂ ಕಳೆದುಹೋಗುತ್ತದೆ. ಕಳೆಯುವವನು ನಾನು, ಹುಡುಕುವವಳು ನನ್ನ ಹೆಂಡತಿ ಗಿರಿಜ. ಮೊನ್ನೆಯೂ ಹಾಗೇ ಆಯಿತು. ಸಂತೆಗೆ ಹೊರಟು ನಿಂತಿದ್ದೇವೆ, ಬೀಗದ ಕೈ ಇಲ್ಲ. ಟಿ.ವಿ. ಮೇಲೆ ನೋಡಿದೆವು, ಅಂಗಿ ಜೇಬು ತಡಕಿದೆವು, ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕವೂ ನೋಡಿದೆವು. ನಗಬೇಡಿ, ಹಿಂದೊಮ್ಮೆ ಅಲ್ಲೇ ಸಿಕ್ಕಿತ್ತು. ಕೊನೆಗೆ ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಹೆಣ್ಣುಮಗಳು ಕಾಂಪೌಂಡಿನ ಮೇಲಿಂದ ಕೈ ಎತ್ತಿ, "ಇದೇನಾ ಅಂಕಲ್? ಇಲ್ಲಿ ಗೋಡೆ ಮೇಲಿತ್ತು. ಏನೋ ಕರೀ ಪಟ್ಟಿ ಕಟ್ಟಿದೀರಲ್ಲ ಇದಕ್ಕೆ, ಏನದು?" ಅಂದಳು.

"ಅದಾ? ಅದು ಇವರ ಎರಡನೇ ಮನೆ ಕಣಮ್ಮ" ಅಂದಳು ಗಿರಿಜ, ಚೀಲ ಕೈಗೆತ್ತಿಕೊಳ್ಳುತ್ತಾ.

ಅವತ್ತಿಂದ ಆ ಹೆಣ್ಣುಮಗಳು ನನ್ನನ್ನು ಕಂಡರೆ ಅಷ್ಟಕ್ಕಷ್ಟೇ. ಗೇಟಿನ ಹತ್ತಿರ ನಿಲ್ಲಿಸಿಕೊಂಡು ಆಕೆಗೆ ವಿವರಿಸೋಣ ಅಂದರೆ ಅದು ಇನ್ನೂ ಬೇರೆ ಥರ ಕಾಣುತ್ತದೆ. ಅದಕ್ಕೇ ನಿಮಗೆ ಹೇಳುತ್ತೇನೆ. ನಿಮಗಾದರೆ ಕೂತು ಕೇಳುವ ತಾಳ್ಮೆ ಇದೆ.

ಹಾರ್ಮೋನಿಯಂನಲ್ಲಿ ಬೆರಳಿಟ್ಟು ಒತ್ತುವ ಪಟ್ಟಿಗಳಿವೆಯಲ್ಲ, ಬಿಳೀದು ಕರೀದು, ಅವಕ್ಕೆ ನಮ್ಮ ಕಡೆ 'ಮನೆ' ಅಂತಾರೆ. ಹಾಡುವವರು "ನಂದು ನಾಲ್ಕು ಮನೆ ಶ್ರುತಿ" ಅನ್ನುತ್ತಾರೆ. ಗೊತ್ತಿದ್ದವರು ಆ ಪಟ್ಟಿ ಹಿಡಿದು ಶ್ರುತಿ ಕೊಡುತ್ತಾರೆ, ಗೊತ್ತಿಲ್ಲದವರು ಭಾರೀ ಆಸ್ತಿವಂತ ಅಂದುಕೊಳ್ಳುತ್ತಾರೆ. ನಾನೂ ಚಿಕ್ಕಂದಿನಲ್ಲಿ ಗೊತ್ತಿಲ್ಲದವರ ಪೈಕಿಯೇ. ಅಮೃತಾಪುರದಲ್ಲಿ ಶನಿವಾರದ ಭಜನೆಗೆ ಹೋಗಿ ಕೂರುತ್ತಿದ್ದೆ. ಒಂದು ದಿನ ಹಾರ್ಮೋನಿಯಂ ಬಾರಿಸುವ ಪೆಟ್ಟಿಗೆ ಮೇಷ್ಟ್ರು ನನ್ನನ್ನು ಮುಂದೆ ಕೂರಿಸಿಕೊಂಡು, "ಮೂರನೇ ಮನೆಗೆ ಹೋಗೋ" ಅಂದರು. ನಾನು ಎದ್ದು ಚಡ್ಡಿ ಮೇಲೆಳೆದುಕೊಂಡು ಬೀದಿಗೆ ಬಂದು, ಎಣಿಸಿಕೊಂಡು ಮೂರನೇ ಮನೆಯ ಬಾಗಿಲಲ್ಲಿ ನಿಂತೆ. ಅವರು ಏನಪ್ಪಾ ಅಂದರು. ಮೇಷ್ಟ್ರು ಕಳಿಸಿದರು ಅಂದೆ. ಅವರಿಗೂ ಏನು ಅಂತ ಗೊತ್ತಾಗದೆ ಒಂದು ಸೇರು ಕಡಲೆಪುರಿ ಚೀಲಕ್ಕೆ ಹಾಕಿ ಕಳಿಸಿದರು. ಸಂಗೀತದಲ್ಲಿ ನನ್ನ ಮೊದಲ ಸಂಪಾದನೆ ಅದು. ಭಜನೆಯವರೆಲ್ಲಾ ತಿಂದು ಮುಗಿಸಿದರು.

ಹಾಡು ಬರಲಿಲ್ಲ, ಪೆಟ್ಟಿಗೆ ಬಿಚ್ಚುವ ಚಟ ಮಾತ್ರ ಬಂತು. ಶಿವಮೊಗ್ಗದಲ್ಲಿ ರೇಡಿಯೋ ರಿಪೇರಿ ಕಲಿತು ತರೀಕೆರೆ ಬಸ್ ಸ್ಟ್ಯಾಂಡಿನ ಪಕ್ಕ ಅಂಗಡಿ ಇಟ್ಟೆ. ಹೆಸರು ಪರಮೇಶಿ, ಊರವರ ಬಾಯಲ್ಲಿ ರೇಡಿಯೋ ಪರಮೇಶಿ. ಆಮೇಲೆ ಸಂಗೀತದ ಟೀಚರೊಬ್ಬರು ಕರೆಂಟಿನ ಶ್ರುತಿಪೆಟ್ಟಿಗೆ ತಂದರು. ಅದರ ಕಾಯಿಲೆ ವಿಚಿತ್ರ. ಬೆಳಿಗ್ಗೆ ಸರಿಯಾಗಿರೋದು, ಸಂಜೆ ಎದುರಿನ ಹಿಟ್ಟಿನ ಗಿರಣಿ ಶುರುವಾದ ಕೂಡಲೇ ಶ್ರುತಿ ನಿಧಾನವಾಗಿ ಕೆಳಗಿಳಿಯೋದು. ಟೀಚರು ಪಾಪ, ಮಹಾ ಶ್ರುತಿಶುದ್ಧದವರು, ಪೆಟ್ಟಿಗೆ ಜೊತೆ ತಾವೂ ಇಳಿಯೋರು. ಪಲ್ಲವಿ ಹೆಣ್ಣುದನಿಯಲ್ಲಿ ಶುರುವಾಗಿ ಚರಣದ ಹೊತ್ತಿಗೆ ಗಂಡುದನಿಗೆ ಬಂದುಬಿಡೋದು. ಪೆಟ್ಟಿಗೆಯಲ್ಲಿ ದೋಷವಿಲ್ಲ, ವೋಲ್ಟೇಜಿನದು ಅಂತ ಪತ್ತೆ ಹಚ್ಚಿ ಅದಕ್ಕೊಂದು ಏರ್ಪಾಡು ಮಾಡಿಕೊಟ್ಟೆ. ಅಷ್ಟಕ್ಕೇ ಕಡೂರಿಂದ ಅಜ್ಜಂಪುರದವರೆಗೂ ಸುದ್ದಿಯಾಯಿತು. ಕರೆಂಟಿನಲ್ಲಿ ಹಾಡುವ ಯಾವ ಹಳೇ ಸಾಮಾನು ಕೆಟ್ಟರೂ ತರೀಕೆರೆಗೆ ಬಂತು ಅಂತಲೇ.

ಹಾಗೆ ಗಂಟುಬಿದ್ದದ್ದು ಅಜ್ಜಂಪುರದ ಟೈಲರ್ ರುದ್ರಣ್ಣನ ಕರೆಂಟ್ ಪೆಟ್ಟಿಗೆ. ಆರ್ಗನ್ ಅಂತ ಅದರ ಹೆಸರು, ನಾವು ಯಾರೂ ಹಾಗೆ ಕರೆಯಲಿಲ್ಲ. ಕಾಫಿ ಎಸ್ಟೇಟಿನ ದೊರೆ ಬಂಗಲೆಯಲ್ಲಿದ್ದ ಮುದಿ ಪೆಟ್ಟಿಗೆ ಅದು. ದೊರೆಗಳು ಊರು ಬಿಟ್ಟ ಮೇಲೆ ಹರಾಜಿಗೆ ಬಂದು ರುದ್ರಣ್ಣನ ಪಾಲಾಗಿತ್ತು. ಹಗಲು ಹೊಲಿಗೆ, ಸಂಜೆ ಮದುವೆ ಮನೆಗಳಲ್ಲಿ ವಾದ್ಯಗೋಷ್ಠಿ, ಇದು ರುದ್ರಣ್ಣನ ಜೀವನ. ಆ ಪೆಟ್ಟಿಗೆಯೊಳಗೆ ಒಂದೊಂದು ಮನೆಯ ಕೆಳಗೂ ಕೂದಲಿನಷ್ಟು ಸಣ್ಣ ತಂತಿ. ಮನೆ ಒತ್ತಿದರೆ ತಂತಿ ಹೋಗಿ ಒಂದು ಸರಳಿಗೆ ತಾಗಬೇಕು, ಆಗ ಕೂಗಬೇಕು. ಬೆರಳು ತೆಗೆದರೆ ತಂತಿ ಬಿಟ್ಟುಕೊಂಡು ಸುಮ್ಮನಾಗಬೇಕು. ಕರೀ ಮನೆಗಳಲ್ಲಿ ಎರಡನೆಯದಕ್ಕೆ ಮಾತ್ರ ಈ ಬಿಡುವ ಬುದ್ಧಿ ಇರಲಿಲ್ಲ. ಒಮ್ಮೆ ಹಿಡಿದುಕೊಂಡರೆ ಊಂ ಅಂತ ರಾಗ ತೆಗೆದು ಕೂತುಬಿಡೋದು. ಹೋಗಲಿ, ಸ್ವಿಚ್ ಆರಿಸೋಣ ಅಂದರೆ ರುದ್ರಣ್ಣನಿಗೆ ಭಯ. ಹಿಂದೊಮ್ಮೆ ಹಾಗೆ ಆರಿಸಿದ್ದಕ್ಕೆ ಮತ್ತೆ ಹೊತ್ತಿಕೊಳ್ಳಲೇ ಇಲ್ಲ, ನಾನೇ ಹೋಗಬೇಕಾಯಿತು. ಅವತ್ತಿಂದ ಅದು ಎಷ್ಟೇ ಅರಚಲಿ, ನಾನು ಹೋಗುವವರೆಗೆ ಅರಚಿಕೊಂಡೇ ಇರಬೇಕು.

ನಮ್ಮ ಕಸುಬಿನವರ ಮಾತೂ ಸ್ವಲ್ಪ ಹಾಗೇ. ಪೆಟ್ಟಿಗೆ ಅಳುತ್ತೆ, ಗಂಟಲು ಕಟ್ಟಿದೆ, ಮುನಿಸಿಕೊಂಡಿದೆ, ಸಮಾಧಾನ ಮಾಡಬೇಕು. ಇಪ್ಪತ್ತನಾಲ್ಕು ಗಂಟೆ ಅದೇ ಮಾತಾಡುತ್ತಾ ಬೇರೆಯವರ ಕಿವಿಗೆ ಅದು ಹೇಗೆ ಕೇಳಿಸುತ್ತೆ ಅನ್ನೋದೇ ಮರೆತುಹೋಗಿತ್ತು.

ಇನ್ನು ಮದುವೆಯ ವಿಚಾರ. ವಯಸ್ಸು ಮೂವತ್ತು ದಾಟಿತ್ತು. ಹೆಣ್ಣಿನ ಕಡೆಯವರು "ಹುಡುಗ ಏನ್ಮಾಡ್ತಾನೆ?" ಅಂದರೆ ಅಮ್ಮ "ರೇಡಿಯೋದಾಗೆ" ಅನ್ನೋಳು. "ಓಹೋ, ರೇಡಿಯೋ ಸ್ಟೇಷನ್ನಾಗಾ?" ಅಂತ ಅವರು ಮುಖ ಅರಳಿಸೋರು. ಅಮ್ಮ ಹೌದು ಅನ್ನುತ್ತಿರಲಿಲ್ಲ, ಅಲ್ಲ ಅಂತಲೂ ಅನ್ನುತ್ತಿರಲಿಲ್ಲ, ಕಾಫಿ ಕುಡಿಯೋಳು. ಆಮೇಲೆ ಯಾರೋ ಬಸ್ ಸ್ಟ್ಯಾಂಡಿಗೆ ಬಂದು ನನ್ನ ಅಂಗಡಿ ನೋಡಿಕೊಂಡು ಹೋಗೋರು, ಸಂಬಂಧ ಅಲ್ಲಿಗೇ ಮುಗಿಯೋದು. ಹೀಗೆ ಎಲ್ಲಾ ಮುಗಿದು ಉಳಿದಿದ್ದು ಕಡೂರಿನ ಸಿದ್ದಪ್ಪನವರ ಮಗಳೊಬ್ಬಳೇ.

ಸಿದ್ದಪ್ಪನವರದು ಕೊಬ್ಬರಿ ಮಂಡಿ. ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದರೆ ಸಾಕು, ಒಳಗೆ ಕೊಬ್ಬರಿ ಬಿಟ್ಟಿದೆಯಾ, ಹುಳುಕು ಹಿಡಿದಿದೆಯಾ ಅಂತ ಹೇಳಿಬಿಡೋರು. ಮನುಷ್ಯರನ್ನೂ ಹಾಗೇ ನೋಡೋರು. ನಾನು ಒಳಗೆ ಹೋಗಿ ಕೂತಾಗ ನನ್ನ ತಲೆಯನ್ನೇ ಕುಲುಕಿ ನೋಡುತ್ತಾರೇನೋ ಅನ್ನಿಸಿತ್ತು. ಇಸ್ತ್ರಿ ಮಾಡಿದ ಬಿಳೀ ಟೆರಿಲಿನ್ ಅಂಗಿ ಹಾಕಿಕೊಂಡು, ಪಕ್ಕದಲ್ಲಿ ಅಮ್ಮನನ್ನು ಕೂರಿಸಿಕೊಂಡು, ಮೂಲೆಯಲ್ಲಿ ಕಸೂತಿ ಬಟ್ಟೆ ಹೊದಿಸಿಟ್ಟಿದ್ದ ಒಂದು ಪೆಟ್ಟಿಗೆ ನೋಡುತ್ತಾ ಕೂತೆ. ಹೊಲಿಗೆ ಮೆಷಿನ್ನು ಇರಬೇಕು ಅಂದುಕೊಂಡೆ.

ಗಿರಿಜ ಕಾಫಿ ತಂದಳು. ಲೋಟ ಕೊಡುವಾಗ ಬಳೆ ತಾಗಿ ಟಿಣ್ ಅಂತು. ಇದು ಎಷ್ಟನೇ ಮನೆಯ ಸ್ವರ ಅಂತ ಕಿವಿ ವಾಲಿಸಿ ಲೆಕ್ಕ ಹಾಕುತ್ತಾ ಕೂತವನು ಹುಡುಗಿಯ ಮುಖ ನೋಡುವುದನ್ನೇ ಮರೆತೆ! ಅಮ್ಮ ತಿವಿದಳು. ತಲೆಯೆತ್ತಿದರೆ ಅವಳು ನನ್ನ ವಾಲಿದ ಕಿವಿಯನ್ನೇ ನೋಡುತ್ತಾ, ನಗು ತಡೆಯಲಾರದೆ ತುಟಿ ಕಚ್ಚಿಕೊಂಡಿದ್ದಳು. ನನ್ನನ್ನು ನೋಡಿ ಹಾಗೆ ನಗು ತಡೆದುಕೊಂಡ ಹುಡುಗಿ ಅವಳೊಬ್ಬಳೇ, ಬೇರೆಯವರೆಲ್ಲಾ ಆಕಳಿಕೆ ತಡೆದುಕೊಂಡಿದ್ದರು. ಮದುವೆ ಅಂತಾದರೆ ಇವಳನ್ನೇ, ಇಲ್ಲದಿದ್ದರೆ ಬೇಡವೇ ಬೇಡ ಅಂತ ಆ ಗಳಿಗೆಯಲ್ಲೇ ಮನಸ್ಸು ಗಟ್ಟಿ ಮಾಡಿಕೊಂಡೆ. ಕೇಸರಿಬಾತಿಗೆ ಕೈ ಹಾಕಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಬಸ್ ಕಂಡಕ್ಟರು.

ಇಲ್ಲಿ ಒಂದು ನಿಮಿಷ. ಆಗ ನಮ್ಮಲ್ಲಿ ಸುದ್ದಿ ಕಳಿಸಬೇಕಾದರೆ ಬಸ್ಸಿನವರೇ ಗತಿ. ಅವತ್ತು ಬೆಳಿಗ್ಗೆ ರುದ್ರಣ್ಣ ತರೀಕೆರೆ ಬಸ್ಸಿನ ಕಂಡಕ್ಟರಿಗೆ ಹೇಳಿದ್ದು ಇಷ್ಟೇ: ಕರೀ ಎರಡನೇ ಮನೆ ಕೂಗೋದು ನಿಲ್ತಾ ಇಲ್ಲ, ಸಂಜೆ ಮದುವೆ ಆರತಕ್ಷತೆಗೆ ನುಡಿಸ್ಬೇಕು, ಪರಮೇಶಿ ಬಂದು ಸರಿ ಮಾಡ್ಲಿ. ಆತ ಅದನ್ನು ನನ್ನ ಅಂಗಡಿ ಪಕ್ಕದ ಹೋಟೆಲಿನವನಿಗೆ ಹೇಳಿದ. ಹೋಟೆಲಿನವನು, ಪರಮೇಶಿ ಕಡೂರಿಗೆ ಹೆಣ್ಣು ನೋಡೋಕೆ ಹೋಗವ್ನೆ ಅಂತ ಕಡೂರು ಬಸ್ಸಿನ ಕಂಡಕ್ಟರಿಗೆ ದಾಟಿಸಿದ. ಒಬ್ಬೊಬ್ಬರೂ ತಮ್ಮ ಕೈಲಾದಷ್ಟು ಸೇರಿಸಿದ್ದರು.

"ರೇಡಿಯೋ ಪರಮೇಶಣ್ಣ ಇಲ್ಲವ್ರಾ?" ಅಂತ ಕಂಡಕ್ಟರು ಹತ್ತು ಮನೆಗೆ ಕೇಳುವ ಹಾಗೆ ಕೂಗಿದ. "ಅಜ್ಜಂಪುರದಿಂದ ಸುದ್ದಿ ಬಂದೈತೆ ಕಣಣ್ಣ! ನಿಮ್ಮ ಎರಡನೇ ಮನೆ, ಅದೇ ಕರೀದಂತಲ್ಲ, ಬೆಳಿಗ್ಗೆಯಿಂದ ಒಂದೇ ಸಮ ಅಳ್ತಾ ಕೂತೈತಂತೆ. ಯಾರು ಮುಟ್ಟಿದ್ರೂ ಸುಮ್ನಾಗ್ತಿಲ್ವಂತೆ. ಸಂಜೆ ಮದುವೆ ಇಟ್ಕಂಡು ಹಿಂಗಾದ್ರೆ ಮರ್ವಾದೆ ಹೋಗ್ತದೆ, ನೀವೇ ಬಂದು ಸಮಾಧಾನ ಮಾಡ್ಬೇಕಂತೆ!"

ಬಸ್ಸು ಹಾರನ್ ಹೊಡೆಯಿತು, ಆತ ಓಡಿದ.

ನನಗೆ ಕೇಳಿಸಿದ್ದು ಪೆಟ್ಟಿಗೆ ಮಾತ್ರ. "ಅಯ್ಯೋ, ಮತ್ತೆ ಶುರುವಾಯ್ತಾ ಅದರ ರಾಗ!" ಅಂತ ಕೇಸರಿಬಾತನ್ನು ಅರ್ಧಕ್ಕೇ ಬಿಟ್ಟು ಎದ್ದುಬಿಟ್ಟೆ. "ಹೋದ ವಾರ ತಾನೇ ಹೋಗಿ ಸಮಾಧಾನ ಮಾಡಿ ಬಂದಿದ್ದೆ. ಯಜಮಾನ್ರೇ, ತಪ್ಪು ತಿಳ್ಕೋಬೇಡಿ, ಒಂದು ಗಳಿಗೆ ಅಜ್ಜಂಪುರಕ್ಕೆ ಹೋಗಿ ಬತ್ತೀನಿ. ಅದು ಬೇರೆ ಯಾರಿಗೂ ಬಗ್ಗಲ್ಲ, ನಾನು ಕೈಯಿಟ್ರೇ ಸುಮ್ನಾಗೋದು."

ನಮ್ಮ ಕಡೆ 'ಅವನು ಇನ್ನೊಂದು ಮನೆ ಮಾಡಿದಾನೆ' ಅಂದರೆ ಸೈಟು ತಗೊಂಡು ಕಟ್ಟಿಸಿದ್ದಾನೆ ಅಂತ ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ. ಅಮ್ಮನ ಬಾಯಿಗೆ ಹೋಗಿದ್ದ ಕೇಸರಿಬಾತು ಅಲ್ಲೇ ನಿಂತಿತ್ತು. ಅಡುಗೆಮನೆ ಕಡೆಯಿಂದ ಕ್ಕ್ ಅಂತ ಬಿಕ್ಕಿದ ಹಾಗೆ ಒಂದು ಸದ್ದು ಬಂತು. ಸಿದ್ದಪ್ಪನವರು ನಿಧಾನವಾಗಿ ಎದ್ದು ಗೋಡೆಗೆ ನೇತುಹಾಕಿದ್ದ ಛತ್ರಿ ತಗೊಂಡರು.

"ನಡೀರಿ, ನಾನೂ ಬತ್ತೀನಿ. ನಿಮ್ಮ ಎರಡನೇ ಮನೇನ ನಾನೂ ಕಣ್ಣಾರೆ ನೋಡ್ಬೇಕು." ಆಮೇಲೆ ಅಮ್ಮನ ಕಡೆ ತಿರುಗಿ, "ತಾಯೀ, ನಾವು ಬರೋಗಂಟ ನೀವು ಇಲ್ಲಿಂದ ಏಳಂಗಿಲ್ಲ" ಅಂದರು.

ನನಗೆ ಆನಂದವೋ ಆನಂದ. ನನ್ನ ಕಸುಬು ನೋಡೋಕೆ ಅಂತ ಛತ್ರಿ ಹಿಡಿದು ಹೊರಟ ಮೊದಲ ಮಾವ!

ಕಡೂರಿಂದ ಅಜ್ಜಂಪುರಕ್ಕೆ ಪ್ಯಾಸೆಂಜರ್ ಗಾಡಿ. ಎದುರು ಬದುರು ಕೂತೆವು. ಗಾಡಿ ಹೊರಟ ಮೇಲೆ ಸಿದ್ದಪ್ಪನವರು ಕೇಳಿದರು:

"ಎಷ್ಟು ದಿನದಿಂದ ನಡೀತೈತೆ ಇದು?"

"ಎರಡು ವರ್ಷ ಆಯ್ತು ಯಜಮಾನ್ರೇ. ಅದಕ್ಕೆ ಮುಂಚೆ ದೊರೆ ಬಂಗಲೇಲಿತ್ತಂತೆ. ಆಮೇಲೆ ಟೈಲರ್ ರುದ್ರಣ್ಣ ತಂದಿಟ್ಕೊಂಡ್ರು."

"ಶಿವ ಶಿವಾ! ಮತ್ತೆ ನಿಮ್ಮ ಕೈಗೆ ಹೆಂಗೆ ಬಂತು?"

"ರುದ್ರಣ್ಣನ ಕೈಲಿ ಸಂಭಾಳಿಸೋಕೆ ಆಗ್ಲಿಲ್ಲ. ಈಗ ಅವರೇ ಬಸ್ ಚಾರ್ಜು ಕೊಟ್ಟು ನನ್ನ ಕರೆಸ್ಕೋತಾರೆ."

ಸಿದ್ದಪ್ಪನವರು ಛತ್ರಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಮದುವೆ ಆದ್ಮೇಲಾದ್ರೂ ಬಿಡ್ತೀರೋ?"

"ಅದೆಂಗೆ ಬಿಡೋಕಾಗುತ್ತೆ? ನಾನೂ ಕೈಬಿಟ್ರೆ ಅದಕ್ಕೆ ಇನ್ಯಾರು ದಿಕ್ಕು?" ಅಂದೆ. ಕಸುಬಿನ ಮೇಲೆ ನನಗಿರುವ ನಿಷ್ಠೆ ಅವರಿಗೂ ತಿಳಿಯಲಿ ಅಂತ ಸ್ವಲ್ಪ ಒತ್ತಿಯೇ ಹೇಳಿದೆ.

"ಇದೊಂದೇನಾ, ಇನ್ನೂ ಐತಾ?"

"ಒಂದೇ ಎಲ್ಲಿ ಬಂತು! ಒಟ್ಟು ನಲವತ್ತೊಂಬತ್ತು ಮನೆ ಯಜಮಾನ್ರೇ. ಎಲ್ಲಾ ನಾನೇ ನೋಡ್ಕೋಬೇಕು. ಬಿಳೀವು ಜಾಸ್ತಿ, ಕರೀವು ಕಮ್ಮಿ. ಆದ್ರೆ ನೋಡಿ, ತೊಂದರೆ ಕೊಡೋವೆಲ್ಲಾ ಕರೀವೇ."

ಸಿದ್ದಪ್ಪನವರು ಎದ್ದು ಹೋಗಿ ಬಾಗಿಲ ಹತ್ತಿರ ನಿಂತರು. ಗಾಳಿಗೆ ಹೋಗಿರಬೇಕು ಅಂದುಕೊಂಡೆ. ಬೀರೂರಿನಲ್ಲಿ ಇಳಿದು ನಲ್ಲಿ ನೀರಿನಲ್ಲಿ ಮುಖ ತೊಳೆದುಕೊಂಡು ಬಂದು, ಅಜ್ಜಂಪುರದವರೆಗೂ ಬಾಗಿಲ ಹತ್ತಿರವೇ ನಿಂತಿದ್ದರು.

ಸ್ಟೇಷನ್ನಿಂದ ನಡೆದು ರುದ್ರಣ್ಣನ ಬೀದಿಗೆ ತಿರುಗುವಷ್ಟರಲ್ಲೇ ಕೇಳಿಸಿತು. ಊಂ ಅಂತ ಒಂದೇ ಉಸಿರಿನ ಅಳು. ಸಿದ್ದಪ್ಪನವರು ನಿಂತುಬಿಟ್ಟರು. ಅಷ್ಟು ಹೊತ್ತು ಸಿಟ್ಟಿನಲ್ಲಿದ್ದವರ ಮುಖ ಕರಗಿಹೋಗಿತ್ತು. ನನಗೆ ಕೊಡುತ್ತಿದ್ದ ಬಹುವಚನವೂ ಬಿಟ್ಟುಹೋಯಿತು.

"ಏನಯ್ಯಾ, ಒಂದು ಹೆಣ್ಣುಜೀವ ಈ ಪಾಟಿ ಗೋಳಾಡೋದನ್ನ ಕೇಳ್ಕಂಡು ಕಾಲೆಳಕಂಡು ಬತ್ತಿದ್ದೀಯಲ್ಲ, ನಿಂಗೇನು ಎದೆ ಐತೋ ಇಲ್ವೋ? ನಡಿ ಬಿರಬಿರನೆ!"

"ಗೋಳಲ್ಲ ಯಜಮಾನ್ರೇ, ಶ್ರುತಿ ಸ್ವಲ್ಪ ಇಳಿದೈತೆ" ಅಂದೆ. ಅವರಿಗೆ ಕೇಳಿಸಲಿಲ್ಲ, ನನಗಿಂತ ಮುಂದೆ ಹೋಗಿ ರುದ್ರಣ್ಣನ ಅಂಗಡಿ ಮೆಟ್ಟಿಲು ಹತ್ತಿಬಿಟ್ಟಿದ್ದರು.

"ಎಲ್ಲವ್ಳೆ ಆಯಮ್ಮ? ಕರೀರಿ ಈಚೆಗೆ!"

ರುದ್ರಣ್ಣ ಕೊರಳಲ್ಲಿ ಟೇಪು, ಕಿವಿಯಲ್ಲಿ ಹತ್ತಿ. "ಯಾರ್ನ ಸ್ವಾಮಿ?"

"ಇವರ ಎರಡನೇ ಮನೇನ!"

"ಓ, ಅದಾ? ಇಗೋ ಇಲ್ಲೈತಲ್ಲ" ಅಂತ ರುದ್ರಣ್ಣ ಪೆಟ್ಟಿಗೆ ಮೇಲೆ ಬೆರಳಿಟ್ಟು ತೋರಿಸಿದ. "ಇದೇ ಸ್ವಾಮಿ ಕರೀ ಎರಡನೇ ಮನೆ. ಬೆಳಿಗ್ಗೆಯಿಂದ ಪ್ರಾಣ ತಿಂತಾ ಐತೆ."

ಸಿದ್ದಪ್ಪನವರು ಆ ಕರೀ ಪಟ್ಟಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪಟ್ಟಿ ನೋಡಿದರು. "ಮನೆ ಅಂದ್ರೆ ಇದಾ?"

"ಮತ್ತೆ ನೀವೇನು ಅಂದ್ಕೊಂಡಿದ್..." ಅಂತ ಶುರು ಮಾಡಿದವನಿಗೆ ಅಲ್ಲೇ ಹೊಳೆಯಿತು. ಕಂಡಕ್ಟರು ಕೂಗಿದ್ದು, ಗಾಡಿಯಲ್ಲಿ ನಾನು ಒದರಿದ್ದು, ದೊರೆ ಬಂಗಲೆ, ಬಸ್ ಚಾರ್ಜು, ನಲವತ್ತೊಂಬತ್ತು, ಎಲ್ಲಾ ಸಾಲಾಗಿ ಕಿವಿಯಲ್ಲಿ ಬಂದು ನಿಂತವು. ಮುಗೀತು ಕಥೆ ಅಂದುಕೊಂಡೆ. ತುಟಿ ಕಚ್ಚಿಕೊಂಡು ನಗು ತಡೆದಿದ್ದ ಆ ಹುಡುಗಿ ಈಗ ಅಡುಗೆಮನೆಯಲ್ಲಿ ಕೂತು ಅಳುತ್ತಿರಬೇಕು, ಅದೂ ನನ್ನಂಥ ಪೆದ್ದನ ದೆಸೆಯಿಂದ.

ಸಿದ್ದಪ್ಪನವರು ಸ್ಟೂಲ್ ಎಳೆದುಕೊಂಡು ಕೂತರು. "ನಲವತ್ತೊಂಬತ್ತು" ಅಂತ ತಮಗೆ ತಾವೇ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಕೈಯಿಟ್ರೆ ಸುಮ್ನಾಗ್ತದೆ ಅಂದ್ಯಲ್ಲ. ಇಡು, ನೋಡಾನ" ಅಂದರು.

ಇಡೋಕೆ ಕೈಯಲ್ಲಿ ಏನಿದೆ? ಹೆಣ್ಣು ನೋಡೋಕೆ ಹೊರಟವನು ಸ್ಕ್ರೂಡ್ರೈವರ್ ತಂದಿರಲಿಲ್ಲ, ಜೇಬಿನಲ್ಲಿ ಬಾಚಣಿಗೆ ಒಂದೇ. ಸ್ವಿಚ್ ಆರಿಸಿದೆ, ರುದ್ರಣ್ಣ ಕಣ್ಣು ಮುಚ್ಚಿಕೊಂಡ. ಹೊಲಿಗೆ ಮೆಷಿನ್ನಿನ ತಿರುಪುಳಿಯಿಂದಲೇ ಮುಚ್ಚಳ ತೆಗೆದು ನೋಡಿದರೆ ತಂತಿ ಬಾಗಿ ಸರಳಿಗೆ ಒರಗಿಕೊಂಡಿತ್ತು. ಅದನ್ನು ಹಿಡಿದು ಚೂರೇ ಚೂರು ಹಿಂದಕ್ಕೆ ತರಬೇಕು. ಕತ್ತರಿ ದಪ್ಪವಾಯಿತು, ಸೂಜಿ ಜಾರಿತು. "ಒಂದು ಚಿಮಟ ಇದ್ದಿದ್ರೆ..." ಅಂದೆ.

ಸಿದ್ದಪ್ಪನವರು ಅಂಗಿ ಎತ್ತಿ ಉಡಿದಾರಕ್ಕೆ ಕೈ ಹಾಕಿದರು. ಅಲ್ಲಿ ಮಂಡಿಯ ಬೀಗದ ಕೈ, ಕಿವಿ ಕೆರೆಯುವ ಹಿತ್ತಾಳೆ ಕಡ್ಡಿ, ಮುಳ್ಳು ಕೀಳುವ ಚಿಮಟ, ಎಲ್ಲಾ ಒಂದೇ ಗೊಂಚಲು. ಚಿಮಟ ಬಿಚ್ಚಿ ಕೊಟ್ಟರು.

ತಂತಿ ಸರಿಮಾಡಿ ಸ್ವಿಚ್ ಹಾಕಿದೆ. ಸದ್ದಿಲ್ಲ. ಪೂರ್ತಿ ಸತ್ತೇಹೋಯಿತು ಅಂತ ರುದ್ರಣ್ಣನ ಮುಖ ಬಾಡಿತು. ಸಿದ್ದಪ್ಪನವರು ಎದ್ದು ಬಂದು ತಮ್ಮ ದಪ್ಪ ಬೆರಳಿಂದ ಕರೀ ಎರಡನೆಯದನ್ನು ಒತ್ತಿದರು. ಕೂಗಿತು. ಬೆರಳು ತೆಗೆದರು. ನಿಂತಿತು. ಮತ್ತೆ ಒತ್ತಿ ಕಿವಿ ವಾಲಿಸಿದರು, ಮಂಡಿಯಲ್ಲಿ ಕಾಯಿ ಕುಲುಕಿ ಕೇಳುವ ಹಾಗೇ.

"ಒಳಗೆ ಹುಳುಕಿಲ್ಲ" ಅಂದರು. ನೋಡುತ್ತಿದ್ದುದು ಪೆಟ್ಟಿಗೆಯನ್ನಲ್ಲ, ನನ್ನನ್ನು.

ವಾಪಸ್ಸು ಬರುವಾಗ ಬೀರೂರು ದಾಟಿದ ಮೇಲೆ ಒಂದೇ ಮಾತು ಆಡಿದರು: "ನಾನು ಏನು ಅಂದ್ಕಂಡಿದ್ದೆ ಅಂತ ಮನೇಲಿ ಬಾಯಿ ಬಿಟ್ಟೀಯಾ, ಜೋಕೆ!" ಅಮ್ಮ ಅಷ್ಟು ಹೊತ್ತೂ ಅತ್ತುಕೊಂಡು ಕೂತಿರುತ್ತಾಳೆ ಅಂತ ನಾನು ಹೆದರಿದ್ದರೆ, ಅವಳು ಗಿರಿಜಳ ತಾಯಿಯ ಜೊತೆ ಅಡುಗೆಮನೆಯಲ್ಲಿ ಕಾಲು ಚಾಚಿಕೊಂಡು, ಹಳೇ ನೆಂಟರ ಹಾಗೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನು ಬಿಟ್ಟುಹೋಗಿದ್ದ ಅರ್ಧ ಕೇಸರಿಬಾತಿನ ಮೇಲೆ ಯಾರೋ ತಟ್ಟೆ ಮುಚ್ಚಿಟ್ಟಿದ್ದರು. ಸಿದ್ದಪ್ಪನವರು ಒಳಗೆ ಬಂದವರೇ, "ಹುಡುಗ ಆಗ್ಬೋದು" ಅಂದರು.

ನಮ್ಮ ಮದುವೆಗೆ ರುದ್ರಣ್ಣನದೇ ವಾದ್ಯಗೋಷ್ಠಿ. ಆರತಕ್ಷತೆಯ ಮಧ್ಯೆ ಎರಡನೇ ಮನೆ ಮತ್ತೆ ರಾಗ ತೆಗೆಯಿತು. ನಾನು ಹಾರ ಹಾಕಿಕೊಂಡು ಕೂತಿದ್ದೆ, ಏಳುವ ಹಾಗಿಲ್ಲ. ಮಾವನೇ ಚಿಮಟ ಹಿಡಿದು ಓಡಿದರು! ಕೆಲವು ವರ್ಷದ ಮೇಲೆ ಆ ಪೆಟ್ಟಿಗೆ ಯಾರ ಕೈಗೂ ಬಗ್ಗದ ಹಾಗೆ ನಿಂತುಹೋದಾಗ, ಮಾವ ಅಜ್ಜಂಪುರಕ್ಕೆ ಹೋಗಿ ಆ ಒಂದು ಪಟ್ಟಿ ಕೇಳಿ ಕಿತ್ತುಕೊಂಡು ಬಂದರು. ನಮ್ಮ ಗೃಹಪ್ರವೇಶದ ದಿನ ಅದನ್ನು ಬೀಗದ ಕೈಗೆ ಕಟ್ಟಿ ನನ್ನ ಅಂಗೈಗೆ ಹಾಕಿ, "ತಗೋ ಪರಮೇಶಿ, ಎರಡನೇ ಮನೆ ಅಂತ ಇದೊಂದಿರ್ಲಿ, ಮಿಕ್ಕ ನಲವತ್ತೆಂಟು ಬಿಟ್ಬಿಡು" ಅಂದರು. ಈಗ ಅವರಿಲ್ಲ. ಆ ಚಿಮಟ ನನ್ನ ಮೇಜಿನ ಡ್ರಾಯರಿನಲ್ಲಿದೆ, ಅದನ್ನು ಮಾತ್ರ ನಾನು ಒಂದು ದಿನವೂ ಕಳೆದಿಲ್ಲ.

ಇಲ್ಲಿಯವರೆಗೆ ಬರೆದು ಗಿರಿಜಳಿಗೆ ಓದಿ ಹೇಳಿದೆ. ಅಡುಗೆಮನೆಯಲ್ಲಿ ಕುಕ್ಕರ್ ಇಟ್ಟು ಬಂದು ಪಕ್ಕದಲ್ಲಿ ಕೂತು ಕೇಳಿದಳು.

"ಎಲ್ಲಾ ಸರಿ, ಒಂದು ತಪ್ಪಿದೆ" ಅಂದಳು. "ಆ ಮೂಲೇಲಿದ್ದದ್ದು ಹೊಲಿಗೆ ಮೆಷಿನ್ನಲ್ಲ."

"ಮತ್ತೆ?"

"ಹಾರ್ಮೋನಿಯಂ. ನಾನು ಏಳು ವರ್ಷದವಳಿಂದ ಬಾರಿಸ್ತಾ ಇದ್ದದ್ದು. ಕೊಡಿಸಿದ್ದು ಅಪ್ಪಾನೇ, ಆದ್ರೆ ಹಗಲೆಲ್ಲಾ ಮಂಡೀಲಿ ಇರೋರು, ಒಂದಿನ ಕೂತು ಕೇಳಿದ್ದಿಲ್ಲ."

ಊರಿನ ಪೆಟ್ಟಿಗೆಗಳನ್ನೆಲ್ಲಾ ಬಿಚ್ಚಿದವನಿಗೆ ಎದುರಿಗಿದ್ದ ಹಾರ್ಮೋನಿಯಂ ಹೊಲಿಗೆ ಮೆಷಿನ್ನಾಗಿ ಕಂಡಿತ್ತು. "ಹಂಗಾದ್ರೆ ಕರೀ ಎರಡನೇ ಮನೆ ಅಂದಾಗ ನಿಂಗೆ..."

"ಅವನು ಬಾಗಿಲಲ್ಲಿ ಬಾಯಿ ಬಿಟ್ಟಾಗ್ಲೇ ಗೊತ್ತಾಯ್ತು. ನಗು ತಡ್ಕೊಳ್ಳೋಕಾಗದೆ ಸೆರಗು ಬಾಯಿಗೆ ತುರುಕ್ಕೊಂಡೆ. ನೀವು ಬಿಕ್ಕಿದೆ ಅಂತ ಬರ್ದಿದೀರ. ನೀವಿಬ್ರೂ ಆಕಡೆ ಹೋದ ಮೇಲೆ ಅತ್ತೇನ ಕರ್ಕೊಂಡೋಗಿ ಪೆಟ್ಟಿಗೆ ತೆಗೆದು ಎರಡನೇ ಮನೆ ತೋರಿಸ್ದೆ. 'ಇವನಿಗೆ ಮೊದಲ್ನೇದೇ ಇಲ್ಲ, ಎರಡನೇದು ಎಲ್ಲಿಂದ ಬಂತು ಅಂತ ನಾನೂ ಅಂದ್ಕೊಂಡೆ ಕಣೇ' ಅಂದ್ರು ಅತ್ತೆ."

ಅಮ್ಮ! ಸಾಯುವವರೆಗೂ ಒಂದು ಮಾತು ಹೇಳಲಿಲ್ಲ.

"ಅಲ್ಲ ಕಣೇ, ಗೊತ್ತಿದ್ದೂ ಯಾಕೆ ಸುಮ್ನಿದ್ದೆ? ಅಪ್ಪನಿಗೆ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಸಂಬಂಧ ಮುರಿದುಹೋಗಿದ್ರೆ?"

"ಮುರಿಯೋಕೆ ಬಿಡ್ತಿದ್ನಾ? ಸಂಜೆ ಹೇಳ್ತಿದ್ದೆ." ಅವಳು ಬೀಗದ ಕೈ ಎತ್ತಿಕೊಂಡು ಆ ಕರೀ ಪಟ್ಟಿಯನ್ನು ಬೆರಳಲ್ಲಿ ಸವರಿದಳು. "ನೀವು ಕೇಸರಿಬಾತು ಅರ್ಧಕ್ಕೆ ಬಿಟ್ಟು ಎದ್ರಲ್ಲ. ಯಾವುದೋ ಹಳೇ ಪೆಟ್ಟಿಗೆ ಅಳ್ತಾ ಐತೆ ಅಂದಿದ್ದಕ್ಕೇ ಹಂಗೆ ಎದ್ದೋರು. ನಾಳೆ ನಾನು ಕರೆದ್ರೂ ಹಿಂಗೇ ಏಳ್ತಾರಾ ಅಂತ ನೋಡಬೇಕು ಅನ್ನಿಸ್ತು. ಅದಕ್ಕೇ ಹೋಗಿ ಬರ್ಲಿ ಅಂತ ಬಿಟ್ಟೆ."

"ಎದ್ದೆನಾ?" ಅಂದೆ. ಇಷ್ಟು ವರ್ಷ ಆದ ಮೇಲೂ ಹೆಣ್ಣು ನೋಡೋಕೆ ಬಂದವನ ಥರ ಅಂಗಿ ಸರಿಮಾಡಿಕೊಂಡೆ.

"ಅದನ್ನ ಆಮೇಲೆ ಹೇಳ್ತೀನಿ. ಒಳಗೆ ಕುಕ್ಕರ್ ಆಗ್ಲಿಂದ ಕೂಗ್ತಾ ಐತೆ, ಕೇಳಿಸ್ತಿಲ್ವಾ?"

ಬರೆಯುತ್ತಿದ್ದುದನ್ನು ಅರ್ಧಕ್ಕೇ ಬಿಟ್ಟು ಎದ್ದೆ.